ಅಳಿಯನ ಕೋರಾ ಬೂಟು

ನಗುವೂ ಶಿವನ ಪ್ರಸಾದ ಎಂದು ನಂಬಿದವನು ನಾನು. ಬೇರೆಯವರು ಅದನ್ನು ಹುಡುಕಿಕೊಂಡು ಹೋಗುತ್ತಾರೆ. ನಮ್ಮ ಮನೆಗೆ ಅದು ತಾನಾಗಿಯೇ ಬರುತ್ತದೆ, ಅದೂ ನಾವು ಭಾಳ ಗಂಭೀರವಾಗಿ ಏನಾದರೂ ಮಾಡುತ್ತಿರುವ ಹೊತ್ತಿಗೇ. ಸೇಡಂನ ಬಜಾರದಲ್ಲಿ ವಿಭೂತಿ, ರುದ್ರಾಕ್ಷಿ, ಶಿವದಾರ, ಊದಿನಕಡ್ಡಿ ಮಾರಿಕೊಂಡಿದ್ದ ನನ್ನ ಪಾಲಿಗೆ ಒಂದು ಜೊತೆ ಬೂಟಿನ ಸೇವೆ ಬಂದಾಗಲೂ ಹಾಗೆಯೇ ಆಯಿತು. ಇಷ್ಟಲಿಂಗದ ಮುಂದೆ ಕೂತು ಬೂಟಿನ ಕ್ಷೇಮಕ್ಕಾಗಿ ಬೇಡಿಕೊಂಡವರು ನಮ್ಮ ಸೀಮೆಯಲ್ಲಿ ನಾನೊಬ್ಬನೇ ಇರಬೇಕು.

ಬೀಗರ ಷರತ್ತು

ಪೊಲೀಸ್ ಆ್ಯಕ್ಷನ್ನಿನ ಗದ್ದಲವೆಲ್ಲ ತಣ್ಣಗಾಗಿ, ಜನ ಮತ್ತೆ ನಿಶ್ಚಿಂತೆಯಿಂದ ಲಗ್ನದ ಮಾತು ಆಡಲು ಶುರು ಮಾಡಿದ್ದ ಕಾಲ. ನನ್ನ ತಂಗಿಗೆ ಒಂದು ಸಂಬಂಧ ಬಂತು. ಹುಡುಗ ಶಹಾಬಾದಿನ ಸಿಮೆಂಟ್ ಕಾರ್ಖಾನೆಯ ಗೋದಾಮಿನಲ್ಲಿ ನೌಕರಿ. ಅವನ ತಂದೆ ಚಿಂಚೋಳಿ ತಾಲೂಕಿನ ಚಂದ್ರಂಪಳ್ಳಿ ಕಡೆಯ ಒಕ್ಕಲಿಗರು. ದೊಡ್ಡ ಮೀಸೆ, ದೊಡ್ಡ ರುಮಾಲು, ದೊಡ್ಡ ಧ್ವನಿ. ಹುಡುಗಿಯನ್ನು ನೋಡಿದರು, ಒಪ್ಪಿದರು. ಕೊಡುವ ತರುವ ಮಾತು ಬಂದಾಗ ಕೈ ಎತ್ತಿದರು.

"ಬಂಗಾರ ಬ್ಯಾಡ, ಗಡಿಯಾರ ಬ್ಯಾಡ್ರಿ ಬೀಗ್ರ. ಹುಡುಗಿ ಛಲೋ ಅದಾಳ, ಅಷ್ಟ ಸಾಕು. ಆದ್ರ ನನ್ನ ಮಗಗ ಒಂದು ಜೋಡಿ ಬೂಟು ಕೊಡಬೇಕು. ಹೈದರಾಬಾದಿಂದ ತರಸ್ರಿ. ಕೋರಾ ಇರಬೇಕು."

"ಕೋರಾನೇ ಕೊಡ್ತೀವ್ರಿ" ಅಂದೆ.

"ಹಂಗಲ್ಲ. ಕೋರಾ ಅಂದ್ರ ಕೋರಾ! ಯಾರ ಕಾಲೂ ಒಳಗ ಹೋಗಿರಬಾರದು. ಹೋಗಿತ್ತು ಅಂದ್ರ ನನ್ನ ಮಗ ಹಂದರದಾಗ ಕಾಲಿಡಂಗಿಲ್ಲ. ಗುಡಿಯಿಂದ ಹಂಗೇ ವಾಪಸ್ ಕರಕೊಂಡು ಹೋಗ್ತೀನಿ ನೋಡ್ರಿ."

ಬೂಟಿಗಾಗಿ ಇಷ್ಟು ಸಿಟ್ಟೇ ಎಂದು ನಾನು ಬಾಯಿ ಬಿಟ್ಟು ನೋಡುತ್ತಿದ್ದೆ. ಅವರೇ ದನಿ ಇಳಿಸಿ ಹೇಳಿದರು.

"ನನ್ನ ಲಗ್ನದಾಗ ನಮ್ಮ ಮಾವ ಒಂದು ಜೋಡು ಕೊಟ್ಟಿದ್ರು. ಹೊಸಾವು ಅಂತ ಹೇಳಿದ್ರು. ನೋಡಿದ್ರ ಅವರ ಮಗ ಅವನ್ನ ಹಾಕ್ಕೊಂಡು ಮೊದಲೇ ಸಂತಿ ಸಂತಿ ತಿರುಗಿದ್ದ. ಹಂದರದಾಗೇ ಜೋಡಿನ ಅಟ್ಟೆ ಕಿತ್ತು ಬಂತು. ಮೂವತ್ತು ವರ್ಷ ಆತ್ರಿ, ಇನ್ನೂ ನಮ್ಮೂರಾಗ ನನಗ 'ಹಳೇ ಜೋಡಿನ ಅಳಿಯ' ಅಂತಾರ. ನನ್ನ ಮಗಗ ಆ ಹೆಸರು ಬರಬಾರದು."

ಅವರ ಜೊತೆ ಬಂದಿದ್ದ ಅವರೂರಿನ ಹಿರಿಯರೊಬ್ಬರು ಎಲೆಯಡಿಕೆ ಅಗಿಯುತ್ತ ತಲೆ ಅಲ್ಲಾಡಿಸಿದರು. "ಖರೇ ಅದರಿ. ಬಾಜೂ ಮನಿಯಾಗ ಇರ್ತೀನಿ, ನನಗೂ ಇವರ ಖರೇ ಹೆಸರು ಗೊತ್ತಿಲ್ಲ."

ಬೂಟಿಗೊಂದು ಜಾಗ

ದಾರ ಹಿಡಿದು ಹುಡುಗನ ಕಾಲಿನ ಅಳತೆ ತೆಗೆದುಕೊಂಡು ಹೈದರಾಬಾದಿಗೆ ಹೋಗಿ ಬೂಟು ತಂದೆ. ಕಾಸಿದ ಬೆಲ್ಲದ ಬಣ್ಣ. ಕೈಯಲ್ಲಿ ಹಿಡಿದರೆ ತೊಗಲೋ ರೇಷ್ಮೆಯೋ ಅನ್ನಬೇಕು. ಅಂಗಡಿಯ ಸಾಹೇಬರು ಕಟ್ಟಿ ಕೊಡುವಾಗ ಹೇಳಿದ್ದರು: "ಇದು ನಾಜೂಕು ತೊಗಲು, ಕೂಸಿನಂಗ ನೋಡಕೋರಿ. ಬಿಸಿಲು ಬ್ಯಾಡ, ನೀರು ಬ್ಯಾಡ."

ಲಗ್ನಕ್ಕೆ ಹದಿನೈದು ದಿವಸ ಇದೆ, ಅಷ್ಟು ದಿವಸ ಕೂಸನ್ನು ನೋಡಿಕೊಳ್ಳುವುದೇನು ಮಹಾ ಎಂದುಕೊಂಡೆ. ಅಷ್ಟರಲ್ಲಿ ಬೀಗರ ಮನೆಯ ಮುತ್ತಜ್ಜಿ ಲಿಂಗೈಕ್ಯರಾದರು. ಶರಣರಿಗೆ ಸೂತಕವಿಲ್ಲ, ಆದರೆ ಬೀಗರಿಗೆ ಇತ್ತು. "ಈ ವರ್ಷ ಬ್ಯಾಡ, ಬರೂ ವರ್ಷ ಮಾಡೂಣು" ಎಂದು ಹೇಳಿ ಕಳಿಸಿದರು.

ಈಗ ಈ ಬೂಟನ್ನು ವರ್ಷವಿಡೀ ಎಲ್ಲಿ ಇಡುವುದು? ದೇವರ ಮನೆಯಲ್ಲಿ ಜೋಡು ಇಡುವಂತಿಲ್ಲ. ಅಡುಗೆ ಮನೆಯಲ್ಲಿ ಅವ್ವ ಬಿಡುವುದಿಲ್ಲ. ಜೋಳದ ಚೀಲದ ಹತ್ತಿರ ಇಲಿ. ಕೊಟ್ಟಿಗೆಯಲ್ಲಿ ನಮ್ಮ ಎಮ್ಮೆ, ಅದಕ್ಕೆ ಏನು ಕಂಡರೂ ನೆಕ್ಕುವ ಚಟ. ಹೊರಗೆ ಬಾಗಿಲ ಹತ್ತಿರ ಇಟ್ಟರೆ ಬಂದವರು ಕಾಲು ಹಾಕಿ ನೋಡಿಬಿಟ್ಟರೆ ಗತಿಯೇನು?

ಅವ್ವನೇ ತೀರ್ಪು ಕೊಟ್ಟಳು. "ಅಳಿಯ ಅಂದ್ರ ದೇವರ ಸಮಾನ. ಅವನ ಕಾಲಿಗೆ ಹೋಗೂ ವಸ್ತು ಅದು. ಪಡಸಾಲಿ ಗೂಡಿನಾಗ ಇಡು."

ಪಡಸಾಲೆಯ ಗೋಡೆಯ ಗೂಡಿನಲ್ಲಿ ಇಟ್ಟೆ. ಮರುದಿನ ಪೂಜೆ ಮುಗಿಸಿ ಬಂದು ನೋಡುತ್ತೇನೆ, ಎರಡೂ ಬೂಟಿನ ಮೂತಿಯ ಮೇಲೆ ಮೂರು ಮೂರು ಬೆರಳಿನ ವಿಭೂತಿ ಪಟ್ಟೆ!

"ಯವ್ವಾ, ಇದೇನು ಮಾಡಿದೀ?"

"ಇರಲಿ ಬಿಡು ತಮ್ಮಾ" ಅಂದಳು ಅವ್ವ. "ಇಲಿ ಬಂದ್ರ, ಯಾರೋ ಶರಣರು ಕುಂತಾರ ಅಂತ ತಿಳಕೊಂಡು ದೂರಿಂದ ಹೋಗ್ತಾವ."

ಹಸಿರು ವಿಭೂತಿ

ಮಳೆಗಾಲ ಹಿಡಿಯಿತು. ಗೂಡಿನ ಕಡೆ ನೋಡಿದಾಗಲೆಲ್ಲ ಬೂಟಿನ ಮೇಲೆ ಬೆಳ್ಳಗೆ ಕಾಣುತ್ತಿತ್ತು. ಅವ್ವನ ಭಕ್ತಿ ಹೆಚ್ಚಾಗಿದೆ, ಈಗ ಬೂಟಿನ ಹಿಮ್ಮಡಿಗೂ ಹಚ್ಚುತ್ತಿದ್ದಾಳೆ ಎಂದುಕೊಂಡು ಸುಮ್ಮನಿದ್ದೆ. ವಿಭೂತಿಯನ್ನು ಒರೆಸಿಹಾಕುವ ಧೈರ್ಯ ನನಗೆಲ್ಲಿಂದ ಬರಬೇಕು? ಅವ್ವ ಬೇರೆ, ಮಗ ಹಚ್ಚುತ್ತಿದ್ದಾನೆ ಎಂದುಕೊಂಡು ನನ್ನ ಭಕ್ತಿಯನ್ನು ಒಳಗೊಳಗೇ ಮೆಚ್ಚಿಕೊಂಡಿದ್ದಳಂತೆ.

ಒಂದು ದಿವಸ ನನ್ನ ತಂಗಿ ಗೂಡಿನ ಮುಂದೆ ನಿಂತು ಕೇಳಿದಳು: "ಯಣ್ಣಾ, ನಿನ್ನ ಅಂಗಡ್ಯಾಗ ಹಸಿರು ವಿಭೂತಿನೂ ಸಿಗ್ತದೇನು?"

ಬೂಟಿಗೆ ಬೂಸರು ಹಿಡಿದಿತ್ತು.

ಬೂಟನ್ನು ಅರಿವೆಯಲ್ಲಿ ಸುತ್ತಿಕೊಂಡು, ಬಜಾರದ ಮೂಲೆಯಲ್ಲಿ ಜೋಡು ಹೊಲಿಯುವ ಮುದುಕನ ಹತ್ತಿರ ಓಡಿದೆ. ಸೋಮವಾರದ ಭಜನೆಯಲ್ಲಿ ಅವನು ತಾಳ, ನಾನು ದಮ್ಮಡಿ. ಭಾಳ ವರ್ಷದ ಗೆಳೆತನ. ಅವನು ಬೂಟನ್ನು ಆ ಕಡೆ ಈ ಕಡೆ ತಿರುಗಿಸಿ ನೋಡಿದ.

"ಶರಣ್ರ, ನಾ ಒಕ್ಕಲಿಗರ ಮೆಟ್ಟು ಹೊಲಿಯಾಂವ. ಇಂಥಾ ನವಾಬರ ಬೂಟು ನನ್ನ ಕೈಗೆ ಬಂದಿದ್ದೇ ಇಲ್ಲ. ನಮ್ಮ ಮೆಟ್ಟಿಗೆ ಔಡಲೆಣ್ಣಿ ಹಚ್ಚತೀವಿ. ಇದಕ್ಕ ಏನು ಹಚ್ಚತಾರೋ ಆ ಶಿವನಿಗೇ ಗೊತ್ತು."

"ಮತ್ತ ಏನು ಮಾಡೂದು?"

"ಔಡಲೆಣ್ಣೀನೇ ಹಚ್ಚರಿ. ಶಿವನ ಮ್ಯಾಲೆ ಭಾರ ಹಾಕರಿ. ಆದ್ರ ಒಂದು ಮಾತು: ತೊಗಲು ಅಂದ್ರ ನಡದಾಡಬೇಕು. ಸುಮ್ಮ ಕುಂತ್ರ ಸೆಟದು ಸೀಳತದ. ದಿನಾ ಒಂದೀಟು ಹಾಕ್ಕೊಂಡು ಅಡ್ಡಾಡ್ರಿ."

"ಹಾಕ್ಕೊಂಡ್ರ ಲಗ್ನ ಮುರೀತದ!"

"ಹಾಕ್ಕೊಳ್ಳಿಲ್ಲಂದ್ರ ಬೂಟು ಮುರೀತದ" ಎಂದು ಅವನು ಬೀಡಿ ಹಚ್ಚಿದ.

ಔಡಲೆಣ್ಣೆ ಹಚ್ಚಿದ ಸುದ್ದಿ ಓಣಿಗೆ ತಿಳಿಯಿತು. ಎಡಮನೆಯವರು ಕುಸುಬಿ ಎಣ್ಣೆ ಛಲೋ ಅಂದರು. ಬಲಮನೆಯವರು ಬೇವಿನೆಣ್ಣೆಯ ಹುಳ ಸಾಯಿಸುವ ಗುಣ ಹೊಗಳಿದರು. ಎದುರುಮನೆಯ ಅತ್ತೆಮ್ಮ ತುಪ್ಪವನ್ನೇ ಒಂದು ಬಟ್ಟಲು ಕಳಿಸಿದರು. ಯಾರ ಮನಸ್ಸನ್ನೂ ನೋಯಿಸಬಾರದು ಎಂದು ನಾನು ಎಲ್ಲವನ್ನೂ ಹಚ್ಚಿದೆ. ಬೂಟು ಮೆತ್ತಗಾಯಿತು ನಿಜ, ಆದರೆ ಅವತ್ತಿನಿಂದ ಓಣಿಯ ಬೆಕ್ಕುಗಳೆಲ್ಲ ನಮ್ಮ ಪಡಸಾಲೆಯಲ್ಲೇ ಮಲಗತೊಡಗಿದವು.

ಅವ್ವ ಅವುಗಳನ್ನು ಓಡಿಸುತ್ತ ಗೊಣಗಿದಳು: "ಇನ್ನ ಸಾಸಿವಿ ಜೀರಗಿ ಒಂದು ಹಾಕೂದು ಉಳದದ ನೋಡು ತಮ್ಮಾ. ಹಾಕಿದ್ರ ರೊಟ್ಟಿ ಕೂಡ ಉಣ್ಣಾಕ ಬರ್ತದ."

ಬೆಳಗಿನ ವ್ರತ

ಮುದುಕ ಹೇಳಿದ ಮಾತು ಮಾತ್ರ ನನ್ನನ್ನು ಬಿಡಲಿಲ್ಲ. ಹಾಕಿಕೊಂಡರೆ ಕೋರಾತನ ಹೋಯಿತು. ಹಾಕಿಕೊಳ್ಳದಿದ್ದರೆ ಬೂಟು ಸೀಳಿತು. ಯಾವ ಕಡೆಯಿಂದ ನೋಡಿದರೂ ತಂಗಿಯ ಲಗ್ನ ನಿಲ್ಲುತ್ತದೆ. ಪೂಜೆಗೆ ಕೂತರೂ ಅದೇ ಚಿಂತೆ. ಅಂಗೈಯಲ್ಲಿ ಲಿಂಗವಿದೆ, ಮನಸ್ಸಿನಲ್ಲಿ ಬೂಟು.

ಹಾಗೆ ಅಂಗೈ ನೋಡುತ್ತ ಕೂತಾಗಲೇ ಶಿವ ಬುದ್ಧಿ ಕೊಟ್ಟ. ಬೀಗರು ಏನು ಹೇಳಿದ್ದರು? ಯಾರ ಕಾಲೂ ಹೋಗಿರಬಾರದು. ಕಾಲು! ಕೈಯ ಮಾತೇ ಎತ್ತಿರಲಿಲ್ಲ.

ಮರುದಿನದಿಂದ ಪೂಜೆ ಆದ ಮೇಲೆ ಕೈ ತೊಳೆದು, ಒರೆಸಿ, ಎರಡೂ ಕೈಗೆ ಬೂಟು ಹಾಕಿಕೊಂಡು, ಪಡಸಾಲೆಯ ಹಾಸುಗಲ್ಲಿನ ಮೇಲೆ ನಾಲ್ಕು ಕಾಲಿನಲ್ಲಿ ಅಡ್ಡಾಡತೊಡಗಿದೆ. ಬಾಗಿಲಿನಿಂದ ಗೂಡಿನವರೆಗೆ, ಗೂಡಿನಿಂದ ಬಾಗಿಲಿನವರೆಗೆ. ಹಣೆಯಲ್ಲಿ ವಿಭೂತಿ, ಕೊರಳಲ್ಲಿ ಲಿಂಗದ ಕರಡಿಗೆ ತೂಗಾಡುತ್ತಿದೆ, ಬಾಯಲ್ಲಿ ಶಿವಮಂತ್ರ. ಸುಮ್ಮನೆ ಅಡ್ಡಾಡುವುದೇಕೆ, ಮಂತ್ರವಾದರೂ ಆಗಲಿ ಎಂದು.

ಒಂದು ದಿವಸ ಎದುರುಮನೆಯ ಅತ್ತೆಮ್ಮ ಮಜ್ಜಿಗೆ ಕೇಳಲು ಬಂದವರು ಬಾಗಿಲಲ್ಲೇ ನಿಂತುಬಿಟ್ಟರು. ನಾನು ಬೆನ್ನು ತಿರುಗಿಸಿದ್ದೆ, ಕಾಣಲಿಲ್ಲ. ಅವರು ತಂಬಿಗೆ ಅಲ್ಲೇ ಇಟ್ಟು ಕೈ ಮುಗಿದು ಹಿಂದಕ್ಕೆ ಹೋದರಂತೆ. ಸಂಜೆಯೊಳಗೆ ಸುದ್ದಿಯಾಯಿತು: ವಿಭೂತಿ ಅಂಗಡಿಯವರು ತಂಗಿಯ ಲಗ್ನ ಸುಸೂತ್ರ ಆಗಲೆಂದು ನಂದಿಯಾಗಿ ಸೇವೆ ಮಾಡುವ ವ್ರತ ಹಿಡಿದಿದ್ದಾರೆ, ಕೈಗೆ ಗೊರಸು ಕೂಡ ಕಟ್ಟಿಕೊಂಡಿದ್ದಾರೆ!

ಮರುದಿನ ಬೆಳಿಗ್ಗೆ ಇಬ್ಬರು ಹೆಣ್ಣುಮಕ್ಕಳು ಹೂವು ಹಿಡಿದು ಬಂದರು. ಅದರ ಮರುದಿನ ಇನ್ನೂ ಹೆಚ್ಚು. ನಾನು ಎಷ್ಟು ಹೇಳಿದೆ, "ಯವ್ವಾ, ಇದು ವ್ರತ ಅಲ್ಲ, ಬೂಟಿನ ಸೇವಾ." "ದೊಡ್ಡವರು ಹಂಗೇ ಹೇಳ್ತಾರ" ಅಂದರು. ಒಬ್ಬಾಕೆ ನನ್ನ ಬಾಯಿಯ ಮುಂದೆ ಒಂದು ಹಿಡಿ ಹಸಿ ಹುಲ್ಲು ಇಟ್ಟೇ ಹೋದಳು.

ವಾಡಿ ಜಂಕ್ಷನ್ನಿನಲ್ಲಿ

ಇಷ್ಟೆಲ್ಲ ಎಣ್ಣೆ ಕುಡಿದ ಬೂಟು ಮೆತ್ತಗಾಯಿತು, ಆದರೆ ಹೊಳಪು ಹೋಯಿತು. ವಾಡಿ ಸ್ಟೇಷನ್ನಿನ ಊಟದ ಕೋಣೆಯಲ್ಲಿ ಒಬ್ಬ ಹಳೇ ಬಟ್ಲರ್ ಇದ್ದಾನೆ, ಇಂಗ್ಲಿಷ್ ಸಾಹೇಬರ ಬೂಟು ಪಾಲಿಶ್ ಮಾಡಿದ ಕೈ ಅವನದು ಎಂದು ಯಾರೋ ಹೇಳಿದರು. ಬೂಟನ್ನು ಹೊಸ ಕೆಂಪು ವಸ್ತ್ರದಲ್ಲಿ ಸುತ್ತಿ ಗಾಡಿ ಹತ್ತಿದೆ.

ಗಾಡಿಯಲ್ಲಿ ಕಾಲಿಡಲು ಜಾಗವಿಲ್ಲ. ನೆಲಕ್ಕಿಟ್ಟರೆ ಯಾರಾದರೂ ತುಳಿದಾರೆಂದು ಗಂಟನ್ನು ಎದೆಗೆ ಅವುಚಿಕೊಂಡು ಕಣ್ಣು ಮುಚ್ಚಿ ಕೂತೆ. ಎದುರಿಗಿದ್ದ ಒಬ್ಬ ಮುದುಕಿ ನನ್ನ ವಿಭೂತಿ ನೋಡಿದಳು, ಗಂಟು ನೋಡಿದಳು. ಎದ್ದು ಬಂದು ಗಂಟಿಗೆ ಹಣೆ ಹಚ್ಚಿ ನಮಸ್ಕಾರ ಮಾಡಿದಳು. ಅವಳನ್ನು ನೋಡಿ ಪಕ್ಕದವರು, ಅವರನ್ನು ನೋಡಿ ಅವರ ಪಕ್ಕದವರು.

ನನಗೆ ತಡೆಯಲಾಗಲಿಲ್ಲ. ಸುಳ್ಳಿಗೆ ನಮಸ್ಕಾರ ತೆಗೆದುಕೊಳ್ಳಬಾರದು. "ಆಯಿ, ತಪ್ಪು ತಿಳೀಬ್ಯಾಡ್ರಿ. ಇದು ದೇವರಲ್ಲ. ಅಳಿಯನ ಬೂಟು."

ಮುದುಕಿ ಒಂದು ಗಳಿಗೆ ಗಂಟನ್ನೇ ನೋಡಿದಳು.

"ಇರಲಿ ಬಿಡಪ್ಪಾ" ಅಂದಳು. "ನನಗೂ ಮೂರು ಮಂದಿ ಅಳಿಯಂದಿರು. ಮಾಡೇ ರೂಢಿ ಅದ."

ವಾಡಿಯಲ್ಲಿ ಬಟ್ಲರ್ ಸಿಕ್ಕ. ಬಿಳಿ ಕೋಟು, ಬಿಳಿ ಮೀಸೆ. ಬೂಟನ್ನು ಬೆಳಕಿಗೆ ಹಿಡಿದು ಮೂಗು ಮುರಿದ. "ಏನ್ರಿ ಇದು, ಬೂಟಿಗೆ ಬಾಣಂತನ ಮಾಡೀರೇನು?" ಎನ್ನುತ್ತಲೇ ಮೇಣದ ಡಬ್ಬಿ ತೆಗೆದು, ಅರಿವೆ ಬೆರಳಿಗೆ ಸುತ್ತಿ, ಬೂಟಿನ ಮೂತಿಯ ಮೇಲೆ ಸಣ್ಣಗೆ ಸುತ್ತು ತಿರುಗಿಸತೊಡಗಿದ. ನೋಡನೋಡುತ್ತ ಬೆಲ್ಲದ ಬಣ್ಣ ಎದ್ದು ಬಂತು. ನನ್ನ ಕಣ್ಣಲ್ಲಿ ನೀರೇ ಬಂತು. ಅಷ್ಟರಲ್ಲಿ ಅವನು ಕೈ ನಿಲ್ಲಿಸಿದ.

"ಈಗ ಉಗುಳ್ರಿ."

"ಎಲ್ಲಿ?"

"ಬೂಟಿನ ಮ್ಯಾಲೆ. ಉಗುಳಿಲ್ಲದ ಹೊಳಪು ನಿಲ್ಲಂಗಿಲ್ಲ. ಲಾಟ ಸಾಹೇಬರ ಬೂಟಿಗೂ ಉಗುಳೇ ಹೊಳಪು ತಂದೀನಿ."

ಅಳಿಯನ ಬೂಟಿಗೆ ಉಗುಳುವುದೇ! ಗಂಟು ಕಟ್ಟಿಕೊಂಡು ಎದ್ದೆ. ಬಟ್ಲರ್ ಹಿಂದಿನಿಂದ ಕೂಗಿದ: "ಶರಣ್ರ, ನಿಮ್ಮ ಉಗುಳು ಬ್ಯಾಡಂದ್ರ ನಂದು ಅದರಿ, ಸಾಹೇಬರು ಒಪ್ಪಿದ್ದು!"

ಚಿತ್ತಾಪುರದ ಅಪ್ಪಾವರು

ಮರಳಿ ಬರುವಾಗ ಚಿತ್ತಾಪುರದಲ್ಲಿ ಇಳಿದುಕೊಂಡೆ. ಅಲ್ಲಿಯ ಒಂದು ಸಣ್ಣ ಮಠದ ಅಪ್ಪಾವರು ನಮ್ಮ ಮನೆತನದ ಗುರುಗಳು, ಎಂಬತ್ತು ದಾಟಿದ ಹಣ್ಣು ಜೀವ. ಸಂಶಯ ಬಂದಾಗ ಅವರನ್ನು ಕೇಳದೆ ನಾವು ಹುಲ್ಲುಕಡ್ಡಿಯನ್ನೂ ಎತ್ತುವುದಿಲ್ಲ. ಪಾದಕ್ಕೆ ನಮಸ್ಕರಿಸಿ ಸಂಕೋಚದಿಂದ ಕೇಳಿದೆ: "ಅಪ್ಪಾರ, ಅಳಿಯನ ಬೂಟಿಗೆ ಉಗುಳಬಹುದೇನ್ರಿ?"

ಅಪ್ಪಾವರು ಬೆಚ್ಚಿದರು. "ಯಾಕಪ್ಪಾ, ಬೀಗರು ಅಷ್ಟು ತ್ರಾಸ ಕೊಡಾಕತ್ತಾರೇನು?"

ಎಲ್ಲ ಕಥೆ ಹೇಳಿದೆ. ಅವರು ಶಾಂತವಾಗಿ ಕೇಳಿ, ಗಂಟು ಬಿಚ್ಚಲು ಹೇಳಿದರು. ಬಟ್ಲರನ ಅರ್ಧ ಪಾಲಿಶಿನಲ್ಲೇ ಒಂದು ಬೂಟಿನ ಮೂತಿ ಫಳಫಳ ಅನ್ನುತ್ತಿತ್ತು. ಅಪ್ಪಾವರು ಬಗ್ಗಿ ನೋಡಿದರು. ಇನ್ನೂ ಬಗ್ಗಿದರು. ಗಡ್ಡ ಸವರಿಕೊಂಡರು. ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ಮುಖ ತಿರುಗಿಸಿದರು. ಆ ಮಠದಲ್ಲಿ ಕನ್ನಡಿ ಇಡುವ ಪದ್ಧತಿ ಇಲ್ಲ.

"ಶಿವಶಿವಾ" ಅಂದರು ಮೆಲ್ಲಗೆ. "ನಮ್ಮ ಗಡ್ಡ ಇಷ್ಟು ಬೆಳ್ಳಗಾಗ್ಯಾದ, ಒಬ್ಬರರ ಹೇಳಬಾರದೇನು?"

ಅವರು ನಕ್ಕು ನನ್ನ ಬೆನ್ನು ಸವರಿದರು. "ಉಗುಳಬ್ಯಾಡ. ಬಾವಿ ನೀರು ಒಂದು ಹನಿ ಹಾಕಿ ತಿಕ್ಕು. ಹೊಳೀತದ. ಹೊಳೀದಿದ್ರ ಇಲ್ಲಿಗೆ ತಗೊಂಡು ಬಾ, ನೋಡೂಣು."

ಬಾವಿಯ ನೀರಿಗೇ ಹೊಳಪು ನಿಂತಿತು. ಆದರೂ ಆಮೇಲೆ ಅಪ್ಪಾವರಿಂದ ಆಗಾಗ ಹೇಳಿಕೆ ಬರುತ್ತಿತ್ತು: "ಬೂಟು ಹ್ಯಾಂಗ ಅದ? ಒಮ್ಮೆ ತಗೊಂಡು ಬಂದು ತೋರಿಸಿ ಹೋಗಂತ ಹೇಳ್ರಿ."

ಬೀಗರ ತಪಾಸಣೆ

ದೀಪಾವಳಿ ಮುಗಿದ ಮೇಲೆ ಒಂದು ಮುಂಜಾನೆ ಬೀಗರು ಹೇಳದೆ ಕೇಳದೆ ಬಂದಿಳಿದರು. ಕಾಲಿಗೆ ನೀರು ತೆಗೆದುಕೊಂಡರು, ಚಹಾ ಬೇಡವೆಂದರು. "ಮೊದಲ ಬೂಟು ತೋರಸ್ರಿ."

ತಂದು ಕೊಟ್ಟೆ. ಮೂಸಿ ನೋಡಿದರು, ಅಟ್ಟೆ ನೋಡಿದರು, ಒಳಗೆ ಇಣುಕಿದರು. ಆಮೇಲೆ ಬೂಟಿನ ನಡುವೆ, ಬೆರಳು ಮಡಚುವ ಜಾಗದಲ್ಲಿ, ಅವರ ಹೆಬ್ಬೆರಳು ನಿಂತಿತು. ಅಲ್ಲಿ ಸಣ್ಣದೊಂದು ಸುಕ್ಕು.

"ಬೀಗ್ರ!" ಮನೆಯೇ ನಡುಗಿತು. "ಯಾರ ಕಾಲು ಹೋಗ್ಯಾದ ಇದರಾಗ?"

"ಯಾರ ಕಾಲೂ ಹೋಗಿಲ್ರಿ. ಲಿಂಗ ಮುಟ್ಟಿ ಹೇಳ್ತೀನಿ."

"ಮತ್ತ ಈ ಸುಕ್ಕು ಎಲ್ಲಿಂದ ಬಂತು? ತಾನೇ ಎದ್ದು ಅಡ್ಡಾಡತೇನು?"

ಒಳಗಿನಿಂದ ತಂಗಿಯ ಬಳೆಯ ಸದ್ದು ಕೇಳಿತು. ಅವಳು ಬಾಗಿಲ ಹಿಂದೆ ನಿಂತು ಕೇಳುತ್ತಿದ್ದಾಳೆಂದು ನನಗೆ ಗೊತ್ತು. ಬಾಯಿಂದ ಹೇಳಿದರೆ ನಂಬುವ ಮನುಷ್ಯರಲ್ಲ ಇವರು. ಬೂಟನ್ನು ಇಸಿದುಕೊಂಡು ಕೈಗೆ ಹಾಕಿಕೊಂಡೆ, ಬಗ್ಗಿದೆ, ಬಾಗಿಲಿನಿಂದ ಗೂಡಿನವರೆಗೆ ನಡೆದು ತೋರಿಸಿದೆ. ರೂಢಿಯಾಗಿತ್ತಲ್ಲ, ಬಾಯಿಂದ ಮಂತ್ರವೂ ತಾನಾಗಿಯೇ ಬಂತು.

ತಿರುಗಿ ನೋಡಿದರೆ ಬೀಗರ ಸಿಟ್ಟು ಎಲ್ಲಿಯೋ ಹೋಗಿತ್ತು. ಅವರು ಗೋಡೆಗೆ ಆತು ನಿಂತಿದ್ದರು. ಅವ್ವನ ಕಡೆ ಬಾಗಿ ಪಿಸುಗುಟ್ಟಿದರು: "ಯವ್ವಾ, ಇದು ಇವರಿಗೆ ಎಷ್ಟು ವರ್ಷದಿಂದ ಅದ? ಹುಡುಗಿಗೂ ಅದ ಏನು?"

ಅವ್ವ ಎಲ್ಲ ಬಿಡಿಸಿ ಹೇಳಿದಳು. ಅರ್ಧ ನಂಬಿದರು. ಅಷ್ಟರಲ್ಲಿ ನನ್ನ ತಂಗಿ ತಲೆಯ ಮೇಲೆ ಸೆರಗು ಹೊದ್ದು ಚಹಾ ತಂದಳು. ಎರಡೇ ಕಾಲಿನಲ್ಲಿ, ಧ್ವಜದ ಕಂಬದಂತೆ ನೆಟ್ಟಗೆ, ಒಂದು ಹನಿಯೂ ಚೆಲ್ಲದ ಹಾಗೆ. ಬೀಗರು ಅವಳು ಬರುವುದನ್ನೂ ನೋಡಿದರು, ಹಿಂದಿರುಗಿ ಹೋಗುವುದನ್ನೂ ನೋಡಿದರು. ಆಮೇಲೆ ಚಹಾ ಕುಡಿದರು.

ಹೊರಡುವಾಗ ಮಾತ್ರ ಬೆರಳೆತ್ತಿ ಹೇಳಿದರು: "ಕೈಯ ಸುಕ್ಕು ಅಂತೀರಿ, ನಂಬೀನಿ. ಆದ್ರ ಲಗ್ನದ ದಿವಸ ನನ್ನ ಮಗನ ಕಾಲಾಗ ಬರೋಬ್ಬರಿ ಕೂಡಬೇಕು. ಕೂಡಲಿಲ್ಲಂದ್ರ ಹಂದರ ಇಲ್ಲ!"

ಚಿಂಚೋಳಿಯ ಹಂದರ

ಲಗ್ನ ಚಿಂಚೋಳಿಯಲ್ಲಿ, ನನ್ನ ಸೋದರಮಾವನ ಮನೆಯ ಮುಂದೆ ಇಟ್ಟುಕೊಂಡೆವು. ಬೀಗರ ಊರಿಗೆ ಹತ್ತಿರವಾಗಲಿ ಎಂದು. ಬಿಸಿಲು ಏರುವ ಮೊದಲೇ ವರ ಹನುಮಪ್ಪನ ಗುಡಿಯ ಕಟ್ಟೆಯ ಮೇಲೆ ಬಾಸಿಂಗ ಕಟ್ಟಿಕೊಂಡು ಕೂತಿದ್ದ. ಅಲ್ಲಿಂದ ಬೂಟು ಹಾಕಿಕೊಂಡು ಹಂದರದವರೆಗೆ ನಡೆದು ಬರಬೇಕು. ಹಂದರದಲ್ಲಿ ತಂಗಿ ಅರಿಶಿನದ ಸೀರೆ ಉಟ್ಟು ಕಾಯುತ್ತಿದ್ದಾಳೆ. ಬಾಜಾದವರು ಸಿದ್ಧರಾಗಿದ್ದಾರೆ. ಬೀಗರು ಎದೆಯ ಮೇಲೆ ಕೈ ಕಟ್ಟಿಕೊಂಡು ಎದುರಿಗೇ ನಿಂತಿದ್ದಾರೆ.

ನಾನು ಕೆಂಪು ವಸ್ತ್ರ ಬಿಚ್ಚಿದೆ. ಬೂಟು ನೋಡಿ ಮಂದಿ "ಆಹಾ" ಅಂದರು. ವರನ ಮುಂದೆ ಕೂತು, ಶಿವಾ ನಿನ್ನ ಪಾದಕ್ಕೇ ಎಂದುಕೊಂಡು ತೊಡಿಸಿದೆ. ಸಲೀಸಾಗಿ ಹೋದವು. ಅಷ್ಟು ಸಲೀಸಾಗಿ ಹೋಗಬಾರದಿತ್ತು.

ಬಾಜಾ ಶುರುವಾಯಿತು. ವರ ಎದ್ದು ಒಂದು ಹೆಜ್ಜೆ ಇಟ್ಟ. ಕಾಲು ಮುಂದೆ ಬಂತು, ಬೂಟು ಅಲ್ಲೇ ಉಳಿಯಿತು. ಗಾಬರಿಯಾಗಿ ಇನ್ನೊಂದು ಕಾಲನ್ನು ಜೋರಾಗಿ ಎತ್ತಿದ. ಆ ಬೂಟು ಕಾಲಿನಿಂದ ಜಾರಿ, ಬಾಜಾದವರ ತಲೆಯ ಮೇಲಿಂದ ಹಕ್ಕಿ ಹಾರಿದಂತೆ ಹಾರಿತು. ಕೆಳಗೆ ಮಣ್ಣು. ನಾನು ಕಣ್ಣು ಮುಚ್ಚಿಕೊಂಡೆ.

ತೆರೆದಾಗ ಬೀಗರು ಅದನ್ನು ಎರಡೂ ಕೈಯಲ್ಲಿ ಕೂಸು ಹಿಡಿದಂತೆ ಹಿಡಿದುಕೊಂಡು ನಿಂತಿದ್ದರು. ರುಮಾಲು ಮಾತ್ರ ನೆಲದ ಮೇಲಿತ್ತು.

ಆಮೇಲೆ ತಿಳಿಯಿತು. ಬೀಗರು ನಮ್ಮ ಮನೆಯಿಂದ ಹೋದವರೇ ಹೆಂಡತಿಗೆ ಹೇಳಿದ್ದಾರೆ: "ಆ ಪುಣ್ಯಾತ್ಮ ಬೂಟನ್ನ ತುಪ್ಪದಾಗ ಬೆಳಸ್ಯಾನ. ನಮ್ಮ ಹುಡುಗನ ಕಾಲು ನೋಡಿದ್ರ ಸಿಮೆಂಟಿನ ಪುಡಿಗೆ ಸೀಳಿ ಗರಗಸ ಆಗ್ಯಾವ. ಬೂಟನ್ನ ಒಳಗಿಂದ ಹರದು ಬಿಡ್ತಾವ." ಅಂದಿನಿಂದ ಆ ತಾಯಿ ಮಗ ರಜೆಗೆ ಬಂದಾಗಲೆಲ್ಲ ಅವನ ಕಾಲಿಗೆ ಔಡಲೆಣ್ಣೆ ತಿಕ್ಕಿ ತಿಕ್ಕಿ, ದಪ್ಪ ತೊಗಲನ್ನೆಲ್ಲ ಉಜ್ಜಿ ತೆಗೆದು, ಅರಿವೆ ಸುತ್ತಿ ಮಲಗಿಸಿದ್ದಾಳೆ. ಕಾಲು ಎಳೇ ಬಾಳೆಯಂತೆ ಸಣ್ಣಗಾಗಿತ್ತು. ಇತ್ತ ಬೂಟು ನನ್ನ ಸೇವೆಯಿಂದ ಹಿಗ್ಗಿತ್ತು. ಎರಡು ಕಡೆಯ ಎಣ್ಣೆಯೂ ಕೂಡಿದ ಮೇಲೆ ನಿಲ್ಲುವುದೇನು ಅದರಲ್ಲಿ!

"ಕೂಡಲಿಲ್ಲ" ಅಂದರು ಬೀಗರು. ಬಾಜಾ ನಿಂತಿತು. ನಾನು ಕರಡಿಗೆಯನ್ನು ಬಿಗಿಯಾಗಿ ಹಿಡಿದುಕೊಂಡೆ. ಹಂದರದ ಕಡೆ ನೋಡುವ ಧೈರ್ಯ ಬರಲಿಲ್ಲ.

ಆಗ ಬೀಗತಿ ಮಂದಿಯನ್ನು ಸರಿಸಿಕೊಂಡು ಮುಂದೆ ಬಂದರು.

"ಏನ್ರಿ, ಅವು ಕೋರಾ ಅದಾವೋ ಇಲ್ಲೋ?"

"ಅದಾವ."

"ಯಾರ ಕಾಲೂ ಹೋಗಿಲ್ಲ?"

"ಇವನದೂ ನಿಂದ್ರಲಿಲ್ಲಲ್ಲ."

"ಹಂಗಾರ ನೀವೇ ಹಾಕ್ಕೊಳ್ರಿ. ಮೂವತ್ತು ವರ್ಷದಿಂದ ನನ್ನ ಕಿವಿ ತಿಂದೀರಿ, ನಿಮ್ಮಪ್ಪ ಹಳೇ ಜೋಡು ಕೊಟ್ಟ, ನಿಮ್ಮಪ್ಪ ಹಳೇ ಜೋಡು ಕೊಟ್ಟ ಅಂತ. ತಗೋರಿ, ಇವತ್ತಿಗೆ ಮುಗೀಲಿ!"

ಬೀಗರ ಮುಖ ಕೆಂಪಗಾಯಿತು. "ಏ, ಮಂದಿ ಅದಾರ. ಮತ್ತ ಹುಡುಗ?"

"ಅವ ನಿಮ್ಮ ಮೆಟ್ಟು ಹಾಕ್ಕೋತಾನ. ಅಪ್ಪನ ಮೆಟ್ಟಿಗೆ ಯಾರೂ ಹಳೇದು ಅನ್ನಂಗಿಲ್ಲ. ಮುಹೂರ್ತ ಹೊಂಟದ, ಕುಂದ್ರಿ."

ಅಷ್ಟು ದೊಡ್ಡ ಮನುಷ್ಯರು ಗುಡಿಯ ಕಟ್ಟೆಯ ಮೇಲೆ ಹುಡುಗರಂತೆ ಕೂತರು. ನಾನು ಅವರ ಕಾಲಿಗೆ ತೊಡಿಸಿದೆ. ಹೊಲದಲ್ಲಿ ನಡೆದು ಅಗಲವಾದ ಕಾಲು. ಅಳತೆ ಕೊಟ್ಟು ಹೊಲಿಸಿದಂತೆ ಕೂತುಬಿಟ್ಟಿತು. ಬೀಗರು ಎದ್ದು ನಿಂತರು, ಒಂದು ಹೆಜ್ಜೆ ಇಟ್ಟರು, ಬಗ್ಗಿ ನೋಡಿಕೊಂಡರು. ಹಂದರಕ್ಕೆ ಎಲ್ಲರಿಗಿಂತ ಮುಂದೆ ಅವರೇ ಹೋದರು. ಅಕ್ಷತೆ ಬೀಳುವಾಗಲೂ ವಧೂವರರನ್ನು ನೋಡಿದರೋ ಇಲ್ಲವೋ. ನೋಟವೆಲ್ಲ ಕಾಲ ಮೇಲೆ. ಲಗ್ನ ಮುಗಿಯಿತು. ಶಿವ ದೊಡ್ಡವನು ಎಂದು ನಾನು ನಿರಾಳವಾಗಿ ಉಸಿರು ಬಿಟ್ಟೆ.

ಅಷ್ಟರಲ್ಲಿ ಸೋದರಮಾವ ಓಡಿ ಬಂದ. "ಏನು ತಪ್ಪು ಆಗ್ಯಾದೋ ತಮ್ಮಾ? ಬೀಗರು ಊಟಕ್ಕ ಏಳಂಗಿಲ್ಲ ಅಂತಾರ!"

ಬೀಗರು ಉಣ್ಣದಿದ್ದರೆ ಹೆಣ್ಣಿನ ಕಡೆಯವರು ಮುಖ ಎತ್ತುವಂತಿಲ್ಲ. ಎಲೆ ಹಾಕಿ ಆಗಿದೆ, ಹೋಳಿಗೆ ಬಡಿಸಿ ಆಗಿದೆ, ಪಂಕ್ತಿಯೆಲ್ಲ ಕೈ ಕಟ್ಟಿ ಕೂತಿದೆ. ಬೀಗರು ಹೊರಗೆ ಕಂಬಕ್ಕೆ ಆತು ಗಟ್ಟಿಯಾಗಿ ನಿಂತಿದ್ದಾರೆ. ಅವ್ವ ಸೆರಗೊಡ್ಡಿ ಬೇಡಿದಳು. ಮಾವ ಕೈ ಮುಗಿದ. "ಹಸಿವಿಲ್ಲ" ಎನ್ನುತ್ತಾರೆ, ಕಣ್ಣು ಮಾತ್ರ ಹೋಳಿಗೆಯ ಮೇಲಿದೆ.

ನಾನು ಹತ್ತಿರ ಹೋಗಿ ಮೆಲ್ಲಗೆ ಕೇಳಿದೆ: "ಬೀಗ್ರ, ನಮ್ಮ ಕಡಿಂದ ಏನರ ತಪ್ಪಾತೇನ್ರಿ?"

ಅವರು ಆಚೆ ಈಚೆ ನೋಡಿ ನನ್ನ ಕಿವಿಗೆ ಬಾಯಿ ಹಚ್ಚಿದರು. "ತಪ್ಪೇನಿಲ್ರಿ. ಊಟಕ್ಕ ಕುಂದ್ರಬೇಕಂದ್ರ ಬೂಟು ಬಿಚ್ಚಬೇಕು. ಬಿಚ್ಚಿದ್ರ, ಯಾರರ ಕಾಲು ಹಾಕಿಬಿಟ್ರ?"

"ನೀವು ಉಣ್ಣ ಹೋಗ್ರಿ. ನಾ ಕಾಯತೀನಿ" ಅಂದೆ.

ಬೂಟನ್ನು ತೊಡೆಯ ಮೇಲಿಟ್ಟುಕೊಂಡು ಬಾಗಿಲಲ್ಲಿ ಕೂತೆ. ಸ್ವಂತ ತಂಗಿಯ ಲಗ್ನದ ಊಟ ಹೀಗೆ ಕಳೆಯಿತು. ಒಳಗಿನಿಂದ, ತುತ್ತಿಗೊಮ್ಮೆ, ಆ ದೊಡ್ಡ ಧ್ವನಿ ಕೇಳುತ್ತಿತ್ತು:

"ಬೀಗ್ರ, ಅದಾವೇನ್ರಿ?"

"ಅದಾವ್ರಿ! ನೀವು ಉಣ್ಣರಿ!"